ಕಂಪ್ಯೂಟರಿನಿಂದ ಬಿಸಿಲಿಗೆ: ಡಿಜಿಟಲ್ ನೆಗೆಟಿವ್ ಮಾಡಿ ಸಯನೋಟೈಪ್ ಮುದ್ರಿಸುವ ಕ್ರಮ

ಕ್ಯಾಮೆರಾದಲ್ಲೋ ಮೊಬೈಲಿನಲ್ಲೋ ತೆಗೆದ ಒಳ್ಳೆಯ ಭಾವಚಿತ್ರವೊಂದನ್ನು ಆರಿಸಿಕೊಂಡಿರಿ. ಕಂಪ್ಯೂಟರಿನಲ್ಲಿ ಅದನ್ನು ಕಪ್ಪು-ಬಿಳುಪಾಗಿಸಿ, ನೆಗೆಟಿವ್ ಮಾಡಿ, ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿದಿರಿ. ಸಯನೋಟೈಪ್ ಎಂದರೆ ಕಬ್ಬಿಣದ ಲವಣಗಳಿಂದ ಬಿಸಿಲಿನಲ್ಲಿ ನೀಲಿ ಚಿತ್ರ ಮೂಡಿಸುವ ಹಳೆಯ ಮುದ್ರಣ ವಿಧಾನ. ಅದರ ದ್ರಾವಣ ಬಳಿದ ಕಾಗದದ ಮೇಲೆ ನೆಗೆಟಿವನ್ನಿಟ್ಟು ಬಿಸಿಲಿಗೆ ಒಡ್ಡಿದಿರಿ. ತೊಳೆದು ನೋಡಿದರೆ ಹಣೆ, ಕೆನ್ನೆ, ಮೂಗು ಎಲ್ಲ ಬರಿಯ ಕಾಗದ. ಕೂದಲು, ಬಟ್ಟೆ ಒಂದೇ ಕಡುನೀಲಿ ಮುದ್ದೆ. ಮುಂದಿನ ಸಲ ಇನ್ನಷ್ಟು ಹೊತ್ತು ಬಿಸಿಲಿಗಿಟ್ಟರೆ ಕೆನ್ನೆಯಲ್ಲಿ ಒಂದಿಷ್ಟು ಛಾಯೆ ಮೂಡುತ್ತದೆ, ಆದರೆ ಅಷ್ಟರಲ್ಲಿ ಕಣ್ಣು, ಹುಬ್ಬುಗಳು ನೀಲಿಯಲ್ಲಿ ಮುಳುಗಿಹೋಗಿರುತ್ತವೆ.

ಈ ಹಂತದಲ್ಲಿ ನಾನು ಬಹಳ ಕಾಲ ಸಿಕ್ಕಿಬಿದ್ದಿದ್ದೆ. ದ್ರಾವಣ ಹಳೆಯದಾಗಿದೆ ಎಂದುಕೊಂಡು ಹೊಸದು ಮಾಡಿದೆ, ಕಾಗದ ಬದಲಿಸಿದೆ, ಬಿಸಿಲಿನ ಹೊತ್ತು ಬದಲಿಸಿದೆ. ದೋಷವಿದ್ದದ್ದು ನೆಗೆಟಿವಿನಲ್ಲಿ. ಕಂಪ್ಯೂಟರಿನ ಪರದೆಗೆ ಹೊಂದುವ ಛಾಯೆಗಳ ಅಳತೆಯೇ ಬೇರೆ, ಕಬ್ಬಿಣದ ಲವಣಕ್ಕೆ ಹೊಂದುವ ಅಳತೆಯೇ ಬೇರೆ. ಇವೆರಡನ್ನೂ ಹೊಂದಿಸುವುದೇ ಈ ಲೇಖನದ ಕೆಲಸ. ಅದಕ್ಕೆ ಒಂದೇ ಒಂದು ನಿಯಮವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಬೆಳಕಿಗೆ ಒಡ್ಡುವ ಸಮಯ ನಿರ್ಧರಿಸುವುದು ಅತ್ಯಂತ ಕಡುನೀಲಿಯನ್ನು ಮಾತ್ರ. ಉಳಿದ ಎಲ್ಲ ಛಾಯೆಗಳ ಹೊಣೆ ನೆಗೆಟಿವಿನದು. ಸಮಯವನ್ನು ಒಮ್ಮೆ ಕಂಡುಕೊಂಡ ಮೇಲೆ ಅದನ್ನು ಮುಟ್ಟಬಾರದು. ಚಿತ್ರ ತೆಳುವಾಯಿತು, ಗಾಢವಾಯಿತು ಎಂದು ಅನ್ನಿಸಿದಾಗ ಕೈ ಹಾಕಬೇಕಾದದ್ದು ಕಂಪ್ಯೂಟರಿನ ಕಡತಕ್ಕೆ.

ನೆಗೆಟಿವ್ ಚಿತ್ರದಷ್ಟೇ ದೊಡ್ಡದಿರಬೇಕು, ಏಕೆ?

ಸಯನೋಟೈಪನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದದ್ದು 1842ರಲ್ಲಿ. ಮರುವರ್ಷವೇ ಆನಾ ಆಟ್ಕಿನ್ಸ್ ಕಡಲ ಪಾಚಿಗಳನ್ನು ನೇರವಾಗಿ ಕಾಗದದ ಮೇಲಿಟ್ಟು, ಅವುಗಳ ನೀಲಿ ಅಚ್ಚುಗಳನ್ನು ಪುಸ್ತಕವಾಗಿ ಹೊರತರಲು ತೊಡಗಿದರು. ಅವರಿಗೆ ನೆಗೆಟಿವ್ ಬೇಕಿರಲಿಲ್ಲ, ಪಾಚಿಯೇ ನೆಗೆಟಿವ್. ಛಾಯಾಗ್ರಹಣದ ಆದ್ಯರಲ್ಲೊಬ್ಬರಾದ ಟಾಲ್ಬಟ್ ಅವರ ಉಪ್ಪಿನ ಕಾಗದ, 1873ರಲ್ಲಿ ವಿಲಿಯಂ ವಿಲ್ಲಿಸ್ ಪೇಟೆಂಟ್ ಪಡೆದ ಪ್ಲಾಟಿನಂ ಮುದ್ರಣ, ವ್ಯಾನ್‌ಡೈಕ್ ಕಂದು, ಗಮ್ ಬೈಕ್ರೋಮೇಟ್ ಮುಂತಾದ ಹಳೆಯ ಮುದ್ರಣ ವಿಧಾನಗಳೆಲ್ಲವೂ ಮುಖ್ಯವಾಗಿ ಅತಿನೇರಳೆ ಮತ್ತು ನೀಲಿ ಬೆಳಕಿಗೆ ಮಣಿಯುವಂಥವು, ಅದೂ ಬಹಳ ನಿಧಾನವಾಗಿ. ಸಣ್ಣ ನೆಗೆಟಿವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರಿನ ಸಾಧಾರಣ ಬಲ್ಬಿಗೆ ಇವು ಜಗ್ಗುವುದಿಲ್ಲ. ಹಾಗಾಗಿ ನೆಗೆಟಿವನ್ನು ಕಾಗದಕ್ಕೆ ಒತ್ತಿಟ್ಟೇ ಮುದ್ರಿಸಬೇಕು. ದೊಡ್ಡ ಚಿತ್ರ ಬೇಕೆಂದರೆ ಅಷ್ಟೇ ದೊಡ್ಡ ನೆಗೆಟಿವ್ ಬೇಕು, ಅಂದರೆ ಹಿಂದೆ ಅಷ್ಟೇ ದೊಡ್ಡ ಕ್ಯಾಮೆರಾ ಬೇಕಿತ್ತು. ಇಂಕ್‌ಜೆಟ್ ಪ್ರಿಂಟರ್ ಈ ಕಟ್ಟನ್ನು ಬಿಡಿಸಿತು. ಯಾವ ಕ್ಯಾಮೆರಾದಲ್ಲಿ ತೆಗೆದದ್ದಾದರೂ ಸರಿ, ಹಾಳೆಯಗಲದ ನೆಗೆಟಿವ್ ಈಗ ಮೇಜಿನ ಮೇಲೆಯೇ ಸಿದ್ಧವಾಗುತ್ತದೆ.

ಸಿದ್ಧಪಡಿಸಿಕೊಳ್ಳಬೇಕಾದವು

ಇಂಕ್‌ಜೆಟ್ ಪ್ರಿಂಟರ್ ಬೇಕು. ಪಿಗ್ಮೆಂಟ್ ಶಾಯಿಯದಾದರೆ ಒಳ್ಳೆಯದು, ಡೈ ಶಾಯಿಯದರಲ್ಲೂ ಕೆಲಸವಾಗುತ್ತದೆ. ಇಂಕ್‌ಜೆಟ್‌ಗೆಂದೇ ತಯಾರಾದ, ಒಂದು ಬದಿಗೆ ಲೇಪವಿರುವ ಪಾರದರ್ಶಕ ಹಾಳೆ ಬೇಕು. ಲೇಸರ್ ಪ್ರಿಂಟರಿನ ಹಾಳೆಯ ಮೇಲೆ ಶಾಯಿ ನಿಲ್ಲದೆ ಹನಿಗಟ್ಟುತ್ತದೆ. ಒದ್ದೆ ಬೆರಳನ್ನು ಹಾಳೆಯ ಮೂಲೆಗೆ ಒತ್ತಿದರೆ ಯಾವ ಬದಿ ಅಂಟುತ್ತದೆಯೋ ಅದು ಲೇಪದ ಬದಿ. ಚಿತ್ರ ತಿದ್ದಲು ಫೋಟೋಶಾಪ್ ಆಗಬಹುದು, ಉಚಿತವಾಗಿ ಸಿಗುವ ಜಿಂಪ್ ಕೂಡ ಸಾಕು. ಅಳತೆಗಾಗಿ ಒಂದು ಸ್ಕ್ಯಾನರ್ ಇರಲಿ.

ಕಾಗದದ ವಿಷಯದಲ್ಲಿ ಎಚ್ಚರ ಬೇಕು. ಬಹುತೇಕ ಕಲಾವಿದರ ಕಾಗದಗಳಿಗೆ ಬಾಳಿಕೆಗೆಂದು ಸುಣ್ಣದ ಅಂಶ ಸೇರಿಸಿರುತ್ತಾರೆ. ಸಯನೋಟೈಪಿನ ಪ್ರಷ್ಯನ್ ನೀಲಿಗೆ ಕ್ಷಾರ ಆಗಿಬರುವುದಿಲ್ಲ. ನೀಲಿ ಮಂಕಾಗುತ್ತದೆ, ಕ್ರಮೇಣ ಮಾಸುತ್ತದೆ. ಆರ್ಶ್ ಪ್ಲಾಟಿನ್, ಹಾನೆಮ್ಯೂಲೆ ಪ್ಲಾಟಿನಂ ರ್‍ಯಾಗ್ ಮುಂತಾದ ಕಾಗದಗಳನ್ನು ಸುಣ್ಣ ಬೆರೆಸದೆ ಈ ಕೆಲಸಕ್ಕೆಂದೇ ತಯಾರಿಸುತ್ತಾರೆ. ಕಲಿಯುವಾಗ ಸಾಧಾರಣ ಜಲವರ್ಣದ ಕಾಗದ ಸಾಕು. ಆದರೆ ಒಂದೇ ಬಗೆಯದನ್ನು ಸಾಕಷ್ಟು ತಂದಿಟ್ಟುಕೊಳ್ಳಿ, ಏಕೆಂದರೆ ಕಾಗದ ಬದಲಾದರೆ ಮುಂದೆ ಹೇಳುವ ಅಳತೆಯೆಲ್ಲ ಬದಲಾಗುತ್ತದೆ.

ಬೆಳಕಿಗೆ ಬಿಸಿಲು ಆಗಬಹುದು, 365 ನ್ಯಾನೋಮೀಟರ್ ಆಸುಪಾಸಿನ ಎಲ್‌ಇಡಿ ದೀಪಗಳ ಪೆಟ್ಟಿಗೆಯೂ ಆಗಬಹುದು. ಪೆಟ್ಟಿಗೆಯ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದು. ನೆಗೆಟಿವನ್ನು ಒತ್ತಿಹಿಡಿಯಲು ಕಾಂಟ್ಯಾಕ್ಟ್ ಫ್ರೇಮ್ ಬೇಕು. ಅದರ ಹಿಂಬದಿಯ ಹಲಗೆ ಎರಡು ತುಂಡಾಗಿದ್ದು ನಡುವೆ ಮಡಿಚುವಂತಿದ್ದರೆ, ಮುದ್ರಣ ಎಲ್ಲಿಗೆ ಬಂತೆಂದು ಒಂದು ಅರ್ಧವನ್ನು ತೆರೆದು ನೋಡಬಹುದು. ಗಾಜು ಸಾದಾ ಗಾಜಾಗಿರಲಿ. ಚಿತ್ರಗಳಿಗೆ ಕಟ್ಟು ಹಾಕಲು ಬಳಸುವ ಅತಿನೇರಳೆ ತಡೆಯುವ ಗಾಜನ್ನು ಹಾಕಿದರೆ ಚಿತ್ರ ಸರಿಯಾಗಿ ಮೂಡುವುದಿಲ್ಲ.

ದ್ರಾವಣ ಮತ್ತು ಲೇಪ

ಎರಡು ಕಂದು ಬಾಟಲಿಗಳು. ಮೊದಲನೆಯದರಲ್ಲಿ 25 ಗ್ರಾಂ ಹಸಿರು ಬಣ್ಣದ ಫೆರಿಕ್ ಅಮೋನಿಯಂ ಸಿಟ್ರೇಟ್, 100 ಮಿಲಿಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ. ಎರಡನೆಯದರಲ್ಲಿ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್, ಅಷ್ಟೇ ನೀರಿನಲ್ಲಿ. ಬೇರೆ ಬೇರೆ ಇಟ್ಟರೆ ಇವು ತಿಂಗಳುಗಟ್ಟಲೆ ಉಳಿಯುತ್ತವೆ. ಮೊದಲನೆಯದಕ್ಕೆ ಬೂಷ್ಟು ಬರುವುದುಂಟು, ಕಾಫಿ ಸೋಸುವ ಕಾಗದದಲ್ಲಿ ಸೋಸಿ ಬಳಸಿ. ಬಳಿಯುವ ಮುನ್ನ ಎರಡನ್ನೂ ಸಮಪಾಲು ಬೆರೆಸಬೇಕು. 8×10 ಅಂಗುಲದ ಚಿತ್ರಕ್ಕೆ ಒಟ್ಟು 2 ಮಿಲಿಲೀಟರ್ ಆಸುಪಾಸು ಸಾಕಾಗುತ್ತದೆ.

ಕೈಗವಸು ಹಾಕಿಕೊಳ್ಳಿ. ಪುಡಿ ತೂಗುವಾಗ ಮುಖಕ್ಕೆ ಮಾಸ್ಕ್ ಇರಲಿ. ಅಡುಗೆಯ ಪಾತ್ರೆ, ಚಮಚಗಳನ್ನು ಈ ಕೆಲಸಕ್ಕೆ ಬಳಸಬೇಡಿ. ಫೆರಿಸಯನೈಡನ್ನು ಪ್ರಬಲ ಆಮ್ಲದ ಜೊತೆ ಎಂದೂ ಬೆರೆಸಬೇಡಿ, ಕಾಯಿಸಲೂ ಬೇಡಿ. ಹಾಗೆ ಮಾಡಿದರೆ ವಿಷಾನಿಲ ಹುಟ್ಟಬಹುದು.

ಲೋಹದ ಪಟ್ಟಿಯಿಲ್ಲದ ಮೃದುವಾದ ಕುಂಚದಿಂದ ಬಳಿಯಿರಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಕಾಗದದ ಮೇಲೆ ದ್ರಾವಣ ಮಡುಗಟ್ಟಬಾರದು. ಮನೆಯ ಮಂದ ಬಲ್ಬಿನ ಬೆಳಕಿನಲ್ಲಿ ಇದನ್ನೆಲ್ಲ ಮಾಡಬಹುದು, ಕಿಟಕಿಯ ಬೆಳಕು ಮಾತ್ರ ಬೀಳಬಾರದು. ಕತ್ತಲಲ್ಲಿ ಸುಮಾರು ಒಂದು ಗಂಟೆ ಒಣಗಿಸಿ, ಅಂದೇ ಬಳಸಿ. ಒಣಗಿದ ಲೇಪ ಹಳದಿ ಮಿಶ್ರಿತ ಹಸಿರಾಗಿರಬೇಕು. ಬೆಳಕು ತಾಗುವ ಮೊದಲೇ ನೀಲಿಗೆ ತಿರುಗಿದ್ದರೆ ಆ ಹಾಳೆ ಕೆಟ್ಟಿದೆ ಎಂದೇ ಅರ್ಥ.

ಮೊದಲ ಪರೀಕ್ಷೆ: ಸಮಯ

ಇಲ್ಲಿ ಚಿತ್ರವಿಲ್ಲ, ನೆಗೆಟಿವೂ ಇಲ್ಲ. ಏನೂ ಮುದ್ರಿಸದ ಒಂದು ಪಾರದರ್ಶಕ ಹಾಳೆ ಮಾತ್ರ. ಅದನ್ನು ಲೇಪಿಸಿದ ಕಾಗದದ ಮೇಲಿಟ್ಟು, ಫ್ರೇಮಿನಲ್ಲಿ ಬಿಗಿದು, ಒಂದು ದಪ್ಪ ರಟ್ಟಿನ ಸಹಾಯದಿಂದ ಏಳು ಪಟ್ಟಿಗಳಾಗಿ ಬೆಳಕಿಗೆ ಒಡ್ಡಿ. ಮೊದಲು ಎಲ್ಲವನ್ನೂ 2 ನಿಮಿಷ ತೆರೆದಿಡಿ. ಒಂದನೆಯ ಪಟ್ಟಿಯನ್ನು ಮುಚ್ಚಿ ಇನ್ನು 1 ನಿಮಿಷ, ಎರಡನೆಯದನ್ನೂ ಮುಚ್ಚಿ ಮತ್ತೆ 1 ನಿಮಿಷ, ಆಮೇಲೆ ಒಂದೊಂದನ್ನೇ ಮುಚ್ಚುತ್ತ 2, 2, 4, 4 ನಿಮಿಷ. ಒಟ್ಟಿನಲ್ಲಿ ಪಟ್ಟಿಗಳಿಗೆ 2, 3, 4, 6, 8, 12, 16 ನಿಮಿಷ ಬೆಳಕು ಸಿಕ್ಕಿರುತ್ತದೆ.

ತೊಳೆದು, ಪೂರ್ತಿ ಒಣಗಿಸಿ, ಹಗಲು ಬೆಳಕಿನಲ್ಲಿ ನೋಡಿ. ಪಟ್ಟಿಯಿಂದ ಪಟ್ಟಿಗೆ ನೀಲಿ ಗಾಢವಾಗುತ್ತ ಹೋಗಿ, ಒಂದು ಕಡೆಯಿಂದ ಮುಂದೆ ವ್ಯತ್ಯಾಸ ಕಾಣದಂತಾಗುತ್ತದೆ. ಹಾಗೆ ನಿಂತ ಮೊದಲ ಪಟ್ಟಿಯ ಸಮಯವೇ ನಿಮ್ಮ ಸಮಯ. ಅದಕ್ಕಿಂತ ಕಡಿಮೆ ಕೊಟ್ಟರೆ ಕಡುನೀಲಿ ಬರುವುದಿಲ್ಲ. ಹೆಚ್ಚು ಕೊಟ್ಟರೆ ನೆರಳಿನ ವಿವರಗಳೆಲ್ಲ ಒಂದಾಗುತ್ತವೆ. ಖಾಲಿ ಹಾಳೆಯನ್ನು ಇಟ್ಟೇ ಪರೀಕ್ಷಿಸಬೇಕು, ಏಕೆಂದರೆ ಪ್ಲಾಸ್ಟಿಕ್ ಹಾಳೆ ಕೂಡ ಒಂದಿಷ್ಟು ಅತಿನೇರಳೆಯನ್ನು ನುಂಗುತ್ತದೆ. ಹದಿನಾರು ನಿಮಿಷದ ಪಟ್ಟಿಯೂ ಇನ್ನೂ ಗಾಢವಾಗುತ್ತಿದೆ ಎನಿಸಿದರೆ ಎಲ್ಲ ಸಮಯಗಳನ್ನೂ ಇಮ್ಮಡಿ ಮಾಡಿ ಮತ್ತೆ ಪರೀಕ್ಷಿಸಿ.

ದೀಪದ ಪೆಟ್ಟಿಗೆಯಿದ್ದವರಿಗೆ ಈ ಸಮಯ ಸ್ಥಿರ. ಬಿಸಿಲನ್ನು ನಂಬಿದವರಿಗೆ ಮೋಡ, ಋತು, ಹೊತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅವರು ಸ್ಟೌಫರ್ ಹೆಸರಿನ, ಹಂತಹಂತವಾಗಿ ಗಾಢವಾಗುತ್ತ ಹೋಗುವ 21 ಮೆಟ್ಟಿಲುಗಳ ಪಾರದರ್ಶಕ ಪಟ್ಟಿಯ ಒಂದು ತುಂಡನ್ನು ಪ್ರತಿ ಮುದ್ರಣದ ಅಂಚಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಅದರಲ್ಲಿ ಎರಡು ಮೆಟ್ಟಿಲು ಏರಿದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಸಯನೋಟೈಪಿನ ಚಿತ್ರ ಫ್ರೇಮಿನೊಳಗೇ ಕಣ್ಣಿಗೆ ಕಾಣುವಂತೆ ಮೂಡುವುದರಿಂದ, ಸಮಯ ಪರೀಕ್ಷೆಯ ದಿನ ಎಷ್ಟನೆಯ ಮೆಟ್ಟಿಲಿನವರೆಗೆ ಬಣ್ಣ ತಿರುಗಿತ್ತೋ ಅದನ್ನು ಬರೆದಿಟ್ಟುಕೊಂಡು, ಬೇರೆ ದಿನಗಳಲ್ಲಿ ಅದೇ ಮೆಟ್ಟಿಲು ಬರುವವರೆಗೆ ಕಾಯಬಹುದು. ಗಡಿಯಾರಕ್ಕಿಂತ ಈ ಪಟ್ಟಿಯನ್ನು ನಂಬಿ.

ಎರಡನೆಯ ಪರೀಕ್ಷೆ: ಯಾವ ಬಣ್ಣದ ನೆಗೆಟಿವ್?

ನಮ್ಮ ಕಣ್ಣಿಗೆ ದಟ್ಟ ಕಪ್ಪಾಗಿ ಕಾಣುವ ಶಾಯಿ ಅತಿನೇರಳೆಗೆ ಅಷ್ಟು ದಟ್ಟವಾಗಿರಬೇಕೆಂದಿಲ್ಲ. ಹಾಗೆಯೇ ನಮಗೆ ತೆಳುವಾಗಿ ಕಾಣುವ ಹಳದಿ ಶಾಯಿ ಅತಿನೇರಳೆಯನ್ನು ಗೋಡೆಯಂತೆ ತಡೆಯಬಹುದು. ಪ್ರಿಂಟರ್ ಯಾವುದು, ಶಾಯಿ ಯಾವುದು ಎಂಬುದರ ಮೇಲೆ ಇದು ನಿಂತಿದೆ. ಹಾಗಾಗಿ ನೆಗೆಟಿವನ್ನು ಕಣ್ಣಿನಿಂದ ಅಳೆಯುವುದೇ ತಪ್ಪು.

ಕಪ್ಪು, ಹಸಿರು, ಕೆಂಪು, ಕಿತ್ತಳೆ, ಹಳದಿ, ನೀಲಿ ಹೀಗೆ ಹತ್ತು-ಹನ್ನೆರಡು ಬಣ್ಣಗಳ ಸಣ್ಣ ಚೌಕಗಳನ್ನು ಪೂರ್ಣ ಗಾಢತೆಯಲ್ಲಿ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿ, ನೀವು ಕಂಡುಕೊಂಡ ಸಮಯದಷ್ಟೇ ಬೆಳಕಿಗೆ ಒಡ್ಡಿ. ತೊಳೆದ ಮೇಲೆ ಕೆಲವು ಚೌಕಗಳ ಕೆಳಗೆ ಅಚ್ಚ ಬಿಳಿ ಇರುತ್ತದೆ, ಕೆಲವುಗಳ ಕೆಳಗೆ ತೆಳು ನೀಲಿ. ನಿಮಗೆ ಬೇಕಾದದ್ದು ಕಾಗದದ ಬಿಳಿಯನ್ನು ಆಗಷ್ಟೇ ಮುಟ್ಟುವ ಬಣ್ಣ.

ಇಲ್ಲಿ ಹಲವರು ಎಡವುತ್ತಾರೆ. ಅತಿ ಹೆಚ್ಚು ತಡೆಯುವ ಬಣ್ಣವೇ ಒಳ್ಳೆಯದೆಂದು ಅದನ್ನು ಆರಿಸುತ್ತಾರೆ. ಸಯನೋಟೈಪ್ ಸಣ್ಣ ಹರವಿನ ಪ್ರಕ್ರಿಯೆ. ಬಿಳಿಯಿಂದ ಕಡುನೀಲಿಗೆ ಹೋಗಲು ಅದಕ್ಕೆ ಬೇಕಾದ ಬೆಳಕಿನ ಅಂತರ ಕಡಿಮೆ. ಶಾಯಿ ಅಗತ್ಯಕ್ಕಿಂತ ತುಂಬ ಹೆಚ್ಚು ತಡೆದರೆ ಪ್ರಿಂಟರಿನ ಸಾಮರ್ಥ್ಯದ ಒಂದು ಸಣ್ಣ ಭಾಗದಲ್ಲೇ ಚಿತ್ರದ ಎಲ್ಲ ಛಾಯೆಗಳನ್ನೂ ತುರುಕಬೇಕಾಗುತ್ತದೆ. ಆಗ ಆಕಾಶ, ಚರ್ಮ ಮುಂತಾದ ನಯವಾದ ಭಾಗಗಳಲ್ಲಿ ಮೆಟ್ಟಿಲು ಮೆಟ್ಟಿಲಾದ ಗೆರೆಗಳು ಕಾಣತೊಡಗುತ್ತವೆ. ಸಾಕಷ್ಟು ತಡೆಯುವ ಬಣ್ಣವಿರಲಿ, ಅದಕ್ಕಿಂತ ಹೆಚ್ಚು ಬೇಡ. ಈ ಪರೀಕ್ಷೆಗೆ ಪುರುಸೊತ್ತಿಲ್ಲವೆನ್ನುವವರು ಸಾದಾ ಕಪ್ಪು-ಬಿಳುಪು ನೆಗೆಟಿವಿನಿಂದಲೇ ಶುರು ಮಾಡಬಹುದು, ಮುಂದಿನ ಹಂತ ಬಹುಪಾಲನ್ನು ಸರಿಪಡಿಸುತ್ತದೆ.

ಮೂರನೆಯ ಪರೀಕ್ಷೆ: ಛಾಯಾಪಟ್ಟಿ ಮತ್ತು ಕರ್ವ್

ಇಡೀ ಕೆಲಸದ ತಿರುಳು ಇದು, ನಿಧಾನವಾಗಿ ಮಾಡಿ.

ಶೂನ್ಯದಿಂದ 100ರವರೆಗೆ, 5 ಶೇಕಡಾ ಅಂತರದಲ್ಲಿ 21 ಚೌಕಗಳ ಒಂದು ಪಟ್ಟಿಯನ್ನು ಕಂಪ್ಯೂಟರಿನಲ್ಲಿ ರಚಿಸಿ. ಶೂನ್ಯವೆಂದರೆ ಬಿಳಿ, 100 ಎಂದರೆ ಕಪ್ಪು. ಪ್ರತಿ ಚೌಕದಲ್ಲೂ ಅದರ ಸಂಖ್ಯೆ ಇರಲಿ. ಈ ಪಟ್ಟಿಯನ್ನು ನೆಗೆಟಿವ್ ಮಾಡಿ, ಎಡ-ಬಲ ತಿರುಗಿಸಿ, ಆರಿಸಿದ ಬಣ್ಣದಲ್ಲಿ ಹಾಳೆಯ ಮೇಲೆ ಮುದ್ರಿಸಿ. ಆ ನೆಗೆಟಿವಿನಿಂದ ಸಯನೋಟೈಪ್ ಮಾಡಿ. ಒಣಗಿದ ಮೇಲೆ ಒಂದು ದಿನ ಹಾಗೆಯೇ ಬಿಡಿ, ಏಕೆಂದರೆ ಗಾಳಿಗೆ ನೀಲಿ ನಿಧಾನವಾಗಿ ಗಾಢವಾಗುತ್ತದೆ.

ಬಳಿಕ ಸ್ಕ್ಯಾನ್ ಮಾಡಿ. ಸ್ಕ್ಯಾನರಿನ ತಂತ್ರಾಂಶ ತಾನಾಗಿಯೇ ಬೆಳಕು, ಬಣ್ಣ ತಿದ್ದುವ ಆಯ್ಕೆಗಳನ್ನೆಲ್ಲ ತಪ್ಪದೆ ನಿಲ್ಲಿಸಿರಿ. ಸ್ಕ್ಯಾನನ್ನು ಗ್ರೇಸ್ಕೇಲ್ ಮಾಡಿ, ಪ್ರತಿ ಚೌಕದ ಸರಾಸರಿ ಬೆಲೆಯನ್ನು ಬರೆದುಕೊಳ್ಳಿ. ಈ ಬೆಲೆಗಳು 0ರಿಂದ 255ರ ನಡುವೆ ಇರುತ್ತವೆ. ಕುಂಚದ ಗುರುತು, ಕಾಗದದ ನಾರು ಇರುವುದರಿಂದ ಒಂದೇ ಬಿಂದುವನ್ನು ನೋಡದೆ ಚೌಕದ ನಡುಭಾಗವನ್ನೆಲ್ಲ ಆಯ್ದು ಸರಾಸರಿ ನೋಡಬೇಕು.

ಈಗ ಲೆಕ್ಕ. ಸಯನೋಟೈಪಿನ ಕಡುನೀಲಿ ಎಂದಿಗೂ ಪೂರ್ಣ ಕಪ್ಪಲ್ಲ, ಕಾಗದವೂ ಪೂರ್ಣ ಬಿಳಿಯಲ್ಲ. ಆದ್ದರಿಂದ ಇವೆರಡರ ನಡುವಣ ಅಂತರವನ್ನೇ ನೂರು ಎಂದು ಇಟ್ಟುಕೊಳ್ಳಬೇಕು. ಕಾಗದದ ಬೆಲೆ 236, ಕಡುನೀಲಿಯ ಬೆಲೆ 52 ಎಂದುಕೊಳ್ಳಿ. ಅಂತರ 184. ಒಂದು ಚೌಕದ ಬೆಲೆ 144 ಇದ್ದರೆ, ಕಾಗದಕ್ಕಿಂತ ಅದು 92ರಷ್ಟು ಗಾಢ. 92 ಎಂಬುದು 184ರ ಅರ್ಧ, ಅಂದರೆ ಆ ಚೌಕ ನಿಮ್ಮ ಮುದ್ರಣದಲ್ಲಿ 50 ಶೇಕಡಾ ಛಾಯೆ. ಹೀಗೆ 21 ಚೌಕಗಳಿಗೂ ಲೆಕ್ಕ ಹಾಕಿ.

ಆ 144 ಬಂದದ್ದು ಯಾವ ಚೌಕದಲ್ಲಿ? 50 ಎಂದು ಬರೆದಿದ್ದ ಚೌಕದಲ್ಲೇ ಬಂದಿದ್ದರೆ ನೀವು ಭಾಗ್ಯವಂತರು. ಬಹುಮಟ್ಟಿಗೆ ಅದು 70 ಎಂದು ಬರೆದ ಚೌಕದಲ್ಲೋ ಅದರ ಆಸುಪಾಸಿನಲ್ಲೋ ಇರುತ್ತದೆ. ಇದರ ಅರ್ಥ ಸರಳ: ಮುದ್ರಣದಲ್ಲಿ 50 ಬೇಕೆಂದರೆ ಕಡತದಲ್ಲಿ 70 ಕೊಡಬೇಕು. ಇದೇ ಕರ್ವ್. ಚಿತ್ರ ತಿದ್ದುವ ತಂತ್ರಾಂಶದ ಕರ್ವ್ ಕಿಟಕಿಯಲ್ಲಿ 50ರ ಬಿಂದುವನ್ನು ಹಿಡಿದು 70ಕ್ಕೆ ಸರಿಸಿ. ಶೇಕಡಾ ಬದಲು 0–255ರ ಲೆಕ್ಕ ತೋರಿಸುವ ತಂತ್ರಾಂಶದಲ್ಲಿ ಅದು 128ನ್ನು 77ಕ್ಕೆ ಇಳಿಸಿದಂತೆ, ಏಕೆಂದರೆ ಅಲ್ಲಿ 255 ಎಂದರೆ ಬಿಳಿ. ಇದೇ ರೀತಿ 5, 10, 20, 35, 65, 80, 90ಕ್ಕೂ ಹುಡುಕಿ ಬಿಂದುಗಳನ್ನು ಇಡಿ. ಬಿಂದುಗಳು ಸೇರಿ ಒಂದು ನಯವಾದ ಗೆರೆಯಾಗಬೇಕು. ಒಂದು ಬಿಂದು ಮಾತ್ರ ಎದ್ದು ನಿಂತಿದ್ದರೆ ಆ ಚೌಕದಲ್ಲಿ ಲೇಪದ ದೋಷವಿತ್ತೆಂದು ತಿಳಿದು ಅದನ್ನು ಬಿಟ್ಟುಬಿಡಿ.

ಕರ್ವನ್ನು ಪ್ರಕ್ರಿಯೆ, ಕಾಗದ, ಬೆಳಕು, ಬಣ್ಣ, ದಿನಾಂಕ ಎಲ್ಲ ಸೇರಿದ ಹೆಸರಿನಲ್ಲಿ ಉಳಿಸಿ. ಬಳಿಕ ಮೂಲ ಛಾಯಾಪಟ್ಟಿಗೆ ಅದನ್ನೇ ಹಾಕಿ ಇನ್ನೊಮ್ಮೆ ಮುದ್ರಿಸಿ ನೋಡಿ. 50ರ ಚೌಕ ಈಗ 50ರ ಹತ್ತಿರ ಬಂದಿರಬೇಕು. ಮೂರು-ನಾಲ್ಕು ಅಂಕಿಗಳ ಏರುಪೇರನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಕೈಯಿಂದ ಬಳಿದ ಲೇಪದಲ್ಲಿ ಅಷ್ಟು ವ್ಯತ್ಯಾಸ ಹಾಳೆಯಿಂದ ಹಾಳೆಗೆ ಇದ್ದೇ ಇರುತ್ತದೆ.

ಬೇರೊಬ್ಬರು ಮಾಡಿದ ಕರ್ವನ್ನು ಪಡೆದು ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ಶುರುವಿಗೆ ಆಗಬಹುದು. ಆದರೆ ಅವರ ಶಾಯಿ, ಹಾಳೆ, ಕಾಗದ, ನೀರು ಯಾವುವೂ ನಿಮ್ಮವಲ್ಲ. ಒಂದು ದಿನದ ಈ ಶ್ರಮ ಮುಂದಿನ ಹತ್ತಾರು ಹಾಳೆಗಳನ್ನು ಉಳಿಸುತ್ತದೆ.

ಚಿತ್ರವನ್ನು ಸಿದ್ಧಗೊಳಿಸುವ ಕ್ರಮ

ಕಡತವನ್ನು, ಛಾಯೆಗಳನ್ನು ಹೆಚ್ಚು ಸೂಕ್ಷ್ಮವಾಗಿ ಹಿಡಿದಿಡುವ 16 ಬಿಟ್‌ಗೆ ಬದಲಿಸಿಕೊಳ್ಳಿ. 8 ಬಿಟ್‌ನಲ್ಲಿ ಕಡಿದಾದ ಕರ್ವ್ ಹಾಕಿದರೆ ಛಾಯೆಗಳ ನಡುವೆ ಬಿರುಕು ಬೀಳುತ್ತದೆ. ಕಪ್ಪು-ಬಿಳುಪು ಮಾಡಿ, ಚಿತ್ರ ನಿಮಗೆ ಪರದೆಯ ಮೇಲೆ ಹೇಗೆ ಬೇಕೋ ಹಾಗೆ ಮೊದಲು ತಿದ್ದಿ ಮುಗಿಸಿ. ಸಾಮಾನ್ಯಕ್ಕಿಂತ ತುಸು ಹೆಚ್ಚೇ ಶಾರ್ಪ್ ಮಾಡಿ. ಕಾಗದದ ನಾರಿನೊಳಗೆ ದ್ರಾವಣ ಇಳಿದಿರುವುದರಿಂದ ಸೂಕ್ಷ್ಮ ವಿವರ ಮೆತ್ತಗಾಗುತ್ತದೆ. ಮುದ್ರಿಸುವ ಅಳತೆಗೆ ತಂದು, ಅಂಗುಲಕ್ಕೆ 300 ಅಥವಾ 360 ಪಿಕ್ಸೆಲ್ ಇರುವಂತೆ ನೋಡಿಕೊಳ್ಳಿ.

ಮುಂದಿನ ನಾಲ್ಕು ಹೆಜ್ಜೆಗಳನ್ನು ಯಾವಾಗಲೂ ಇದೇ ಅನುಕ್ರಮದಲ್ಲಿ ಮಾಡಿ: ಕರ್ವ್ ಹಾಕುವುದು, ನೆಗೆಟಿವ್ ಮಾಡುವುದು, ಎಡ-ಬಲ ತಿರುಗಿಸುವುದು, ಬಣ್ಣ ಕೊಡುವುದು. ಅಳತೆ ಹಾಕಿ ಕರ್ವ್ ಮಾಡಿದ್ದು ಪಾಸಿಟಿವ್ ಪಟ್ಟಿಗೆ. ನೆಗೆಟಿವ್ ಮಾಡಿದ ಮೇಲೆ ಅದನ್ನೇ ಹಾಕಿದರೆ ಪರಿಣಾಮ ತಲೆಕೆಳಗಾಗುತ್ತದೆ. ಎಡ-ಬಲ ತಿರುಗಿಸಬೇಕಾದ ಕಾರಣವೆಂದರೆ, ಮುದ್ರಿಸುವಾಗ ಶಾಯಿಯ ಬದಿ ಕಾಗದದ ಲೇಪಕ್ಕೆ ನೇರವಾಗಿ ತಾಗಿರಬೇಕು. ಶಾಯಿಯ ಬದಿ ಮೇಲಿದ್ದರೆ ನಡುವೆ ಹಾಳೆಯ ದಪ್ಪದಷ್ಟು ಅಂತರ ಉಳಿದು, ಓರೆಯಾಗಿ ಬಂದ ಬೆಳಕು ಅಂಚುಗಳನ್ನು ಮಸುಕಾಗಿಸುತ್ತದೆ. ತಿರುಗಿಸುವ ಮೊದಲೇ ಚಿತ್ರದ ಮೂಲೆಯಲ್ಲಿ, ಹೊರಗಿನ ಅಂಚಿನಲ್ಲಿ, ‘ಎಡ’ ಎಂದು ಸಣ್ಣದಾಗಿ ಬರೆದಿಡಿ. ಮುದ್ರಣದಲ್ಲಿ ಅದು ಸರಿಯಾಗಿ ಓದಿಸಿಕೊಂಡರೆ ಎಲ್ಲವೂ ಸರಿಯಿದೆ.

ಪ್ರಿಂಟರಿನಲ್ಲಿ ಹೊಳಪು ಫೋಟೋ ಕಾಗದದ ಆಯ್ಕೆ, ಅತ್ಯುನ್ನತ ಗುಣಮಟ್ಟ, ವೇಗದ ಮುದ್ರಣ ಸ್ಥಗಿತ. ಪ್ರಿಂಟರ್ ತಾನಾಗಿ ಬಣ್ಣ ತಿದ್ದುವುದನ್ನು ತಪ್ಪಿಸಿ. ಮುಖ್ಯವಾಗಿ, ಛಾಯಾಪಟ್ಟಿಯನ್ನು ಮುದ್ರಿಸಿದ ಆಯ್ಕೆಗಳೇ ಚಿತ್ರಕ್ಕೂ ಇರಬೇಕು. ಒಂದು ಆಯ್ಕೆ ಬದಲಾದರೂ ಕರ್ವ್ ಸುಳ್ಳಾಗುತ್ತದೆ. ನೆಗೆಟಿವನ್ನು ಧೂಳಿಲ್ಲದ ಕಡೆ ಕೆಲವು ಗಂಟೆ ಒಣಗಲು ಬಿಡಿ.

ಚಿತ್ರದ ಸುತ್ತ ಕುಂಚದ ಗೆರೆಗಳು ಕಾಣಬೇಕೆಂದಿದ್ದರೆ ನೆಗೆಟಿವಿನ ಅಂಚನ್ನು ಖಾಲಿ ಬಿಡಿ. ಸ್ವಚ್ಛವಾದ ಬಿಳಿ ಅಂಚು ಬೇಕಿದ್ದರೆ ಕಪ್ಪು ಕಾಗದದಿಂದ ಸುತ್ತಲೂ ಮುಚ್ಚಿ. ನನಗೆ ಕುಂಚದ ಗೆರೆಗಳೇ ಇಷ್ಟ. ಈ ಚಿತ್ರವನ್ನು ಒಂದು ಕೈ ಬಳಿದು ಮಾಡಿದೆ ಎಂಬುದನ್ನು ಅವು ಮುಚ್ಚಿಡುವುದಿಲ್ಲ.

ಬೆಳಕು ಮತ್ತು ನೀರು

ಫ್ರೇಮಿನಲ್ಲಿ ಗಾಜಿನ ಮೇಲೆ ನೆಗೆಟಿವ್, ಶಾಯಿಯ ಬದಿ ನಿಮ್ಮ ಕಡೆಗೆ, ಅದರ ಮೇಲೆ ಲೇಪದ ಬದಿ ಕೆಳಗಾಗಿ ಕಾಗದ, ಮೇಲೆ ಹಲಗೆ. ಬಿಗಿದು ತಿರುಗಿಸಿ ಬೆಳಕಿಗೆ ಹಿಡಿಯಿರಿ. ಹಸಿರು ಮೊದಲು ನೀಲಿಯಾಗಿ, ಬಳಿಕ ನೆರಳಿನ ಭಾಗಗಳು ಬೂದು ಕಂಚಿನ ಬಣ್ಣಕ್ಕೆ ತಿರುಗುತ್ತವೆ. ಚಿತ್ರ ಹಾಳಾಯಿತೆಂದು ಇಲ್ಲಿ ಗಾಬರಿಯಾಗಬೇಡಿ. ನೀರಿನಲ್ಲಿ ಬಹಳಷ್ಟು ತೊಳೆದುಹೋಗುವುದರಿಂದ ಫ್ರೇಮಿನಲ್ಲಿ ಚಿತ್ರ ಬೇಕಾದ್ದಕ್ಕಿಂತ ಗಾಢವಾಗಿಯೇ ಕಾಣಬೇಕು.

ತೊಳೆಯಲು ಸಾದಾ ನೀರು ಸಾಕು. ನೀರು ಗಡುಸಾಗಿದ್ದರೆ ಮೊದಲ ತಟ್ಟೆಗೆ ಒಂದು ಚಿಟಿಕೆ ಸಿಟ್ರಿಕ್ ಆಮ್ಲ ಅಥವಾ ಸ್ವಲ್ಪ ವಿನೆಗರ್ ಬೆರೆಸಿ. ನೀರಿಗೆ ಹಳದಿ ಇಳಿಯುವುದು ನಿಲ್ಲುವವರೆಗೆ, ಬಿಳಿ ಭಾಗಗಳಲ್ಲಿ ಹಳದಿ ಉಳಿಯದಂತಾಗುವವರೆಗೆ ನೀರು ಬದಲಿಸುತ್ತಿರಿ. ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ. ಕೊನೆಯ ನೀರಿಗೆ ಔಷಧದ ಅಂಗಡಿಯಲ್ಲಿ ಸಿಗುವ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡನ್ನು ಸ್ವಲ್ಪ ಸೇರಿಸಿದರೆ ಮಂಕು ನೀಲಿ ಕಣ್ಣೆದುರೇ ಕಡುನೀಲಿಯಾಗುತ್ತದೆ. ಎಷ್ಟು ಸಲ ನೋಡಿದರೂ ಆ ಕ್ಷಣ ನನಗೆ ಹಳೆಯದಾಗಿಲ್ಲ. ಪೆರಾಕ್ಸೈಡ್ ಇಲ್ಲದಿದ್ದರೂ ಗಾಳಿ ಅದೇ ಕೆಲಸವನ್ನು ಒಂದು ದಿನದಲ್ಲಿ ಮಾಡುತ್ತದೆ.

ತಪ್ಪುಗಳನ್ನು ಓದುವುದು

ಬಿಳಿಯಾಗಬೇಕಾದ ಕಡೆ ತೆಳು ನೀಲಿ ಇದ್ದರೆ ಕಾರಣ ಮೂರರಲ್ಲಿ ಒಂದು: ಶಾಯಿ ಸಾಕಷ್ಟು ತಡೆದಿಲ್ಲ, ಲೇಪಕ್ಕೆ ಮೊದಲೇ ಬೆಳಕು ತಾಗಿದೆ, ಅಥವಾ ತೊಳೆದದ್ದು ಸಾಲದು. ಕಾಗದದ ಒಂದು ಮೂಲೆಯನ್ನು ನಾಣ್ಯದಿಂದ ಮುಚ್ಚಿ ಮುದ್ರಿಸಿ ನೋಡಿ. ನಾಣ್ಯದ ಕೆಳಗೂ ನೀಲಿ ಇದ್ದರೆ ತಪ್ಪು ಶಾಯಿಯದಲ್ಲ.

ಆಕಾಶದಲ್ಲಿ ಸಮಾನಾಂತರ ಗೆರೆಗಳು ಬಂದರೆ ಪ್ರಿಂಟರಿನ ನಳಿಕೆಗಳನ್ನು ಸ್ವಚ್ಛಗೊಳಿಸಿ. ವೇಗದ ಮುದ್ರಣ ನಿಜವಾಗಿಯೂ ನಿಂತಿದೆಯೇ ನೋಡಿ. ಕಡತಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾಳುಕಾಳಾದ ಚುಕ್ಕೆಗಳನ್ನು (ಗ್ರೇನ್) ಸೇರಿಸಿದರೂ ಛಾಯೆಗಳ ಮೆಟ್ಟಿಲು ಕರಗುತ್ತದೆ. ನೆಗೆಟಿವಿನ ಶಾಯಿ ಕಾಗದಕ್ಕೆ ಅಂಟಿದರೆ ಕಾಗದ ಇನ್ನೂ ಹಸಿಯಾಗಿತ್ತು. ಅಲ್ಲಲ್ಲಿ ಮಾತ್ರ ಮಸುಕಾದರೆ ಫ್ರೇಮಿನ ಒತ್ತಡ ಎಲ್ಲ ಕಡೆ ಸಮನಾಗಿಲ್ಲ.

ಬೇರೆ ಪ್ರಕ್ರಿಯೆಗಳಿಗೆ ಹೋಗುವಾಗ

ಮೂರು ಪರೀಕ್ಷೆಗಳ ಕ್ರಮ ಎಲ್ಲದಕ್ಕೂ ಒಂದೇ, ಉತ್ತರಗಳು ಮಾತ್ರ ಬೇರೆ. ಉಪ್ಪಿನ ಕಾಗದ ಮತ್ತು ವ್ಯಾನ್‌ಡೈಕ್ ಕಂದಿಗೆ ಸಯನೋಟೈಪಿಗಿಂತ ಹೆಚ್ಚು ಹರವಿನ ನೆಗೆಟಿವ್ ಬೇಕು; ಸಯನೋಟೈಪಿಗೆ ಸಾಕಾದ ಬಣ್ಣ ಅಲ್ಲಿ ಸೋಲಬಹುದು, ಆಗ ಹೆಚ್ಚು ತಡೆಯುವ ಬಣ್ಣಕ್ಕೆ ಹೋಗಬೇಕು. ಇವೆರಡರಲ್ಲೂ ಸಿಲ್ವರ್ ನೈಟ್ರೇಟ್ ಇದೆ. ಚರ್ಮಕ್ಕೆ ತಾಗಿದರೆ ಕಪ್ಪು ಕಲೆ, ಕಣ್ಣಿಗೆ ಬಿದ್ದರೆ ಗಂಭೀರ ಅಪಾಯ. ಕನ್ನಡಕವಿಲ್ಲದೆ ಆ ಬಾಟಲಿಯನ್ನು ತೆರೆಯಬೇಡಿ. ಪ್ಲಾಟಿನಂ, ಪಲ್ಲೇಡಿಯಂ ದುಬಾರಿ ಲೋಹಗಳಾದ್ದರಿಂದ ಪರೀಕ್ಷೆಗಳನ್ನೆಲ್ಲ ಬೆರಳಗಲದ ಪಟ್ಟಿಗಳಲ್ಲಿ ಮುಗಿಸಿ.

ಗಮ್ ಬೈಕ್ರೋಮೇಟಿನ ಹರವು ಇನ್ನೂ ಸಣ್ಣದು, ಹಾಗಾಗಿ ಒಂದೇ ಚಿತ್ರವನ್ನು ಹಲವು ಪದರಗಳಲ್ಲಿ ಮುದ್ರಿಸುತ್ತಾರೆ. ಡಿಜಿಟಲ್ ನೆಗೆಟಿವ್ ತನ್ನ ಪೂರ್ತಿ ಬಲವನ್ನು ತೋರಿಸುವುದು ಇಲ್ಲೇ. ಬಣ್ಣದ ಚಿತ್ರದ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರ್ಪಡಿಸಿ ಮೂರು ನೆಗೆಟಿವ್ ಮಾಡಿದರೆ, ಕೆಂಪು ಚಾನೆಲ್‌ನದರಿಂದ ನೀಲಿಹಸಿರು ಪದರ, ಹಸಿರಿನದರಿಂದ ಮೆಜೆಂಟಾ, ನೀಲಿಯದರಿಂದ ಹಳದಿ. ಮೊದಲ ಪದರವನ್ನು ಸಯನೋಟೈಪಿನಲ್ಲೇ ಮಾಡಿ, ಉಳಿದೆರಡನ್ನು ಜಲವರ್ಣ ಬೆರೆಸಿದ ಗಮ್‌ನಲ್ಲಿ ಮಾಡಬಹುದು. ಮೂರೂ ನೆಗೆಟಿವ್‌ಗಳ ಮೂಲೆಗಳಲ್ಲಿ ಕೂಡಿಸುವ ಗುರುತುಗಳಿರಲಿ. ಕಾಗದವನ್ನು ಮೊದಲೇ ಬಿಸಿನೀರಿನಲ್ಲಿ ನೆನೆಸಿ ಒಣಗಿಸಿ ಕುಗ್ಗಿಸಿಕೊಳ್ಳಿ, ಇಲ್ಲವಾದರೆ ಎರಡನೆಯ ಪದರದ ಹೊತ್ತಿಗೆ ಅಳತೆ ತಪ್ಪುತ್ತದೆ. ಆದರೆ ಇಲ್ಲಿ ಬಳಸುವ ಡೈಕ್ರೋಮೇಟ್ ಲವಣ ವಿಷಕಾರಿ, ಕ್ಯಾನ್ಸರ್ ತರಬಲ್ಲದು. ಕೈಗವಸು, ಗಾಳಿಯಾಡುವ ಕೋಣೆ, ತ್ಯಾಜ್ಯವನ್ನು ಚರಂಡಿಗೆ ಬಿಡದಿರುವುದು, ಈ ಮೂರಕ್ಕೂ ಏರ್ಪಾಡು ಮಾಡಿಕೊಳ್ಳಲಾಗದವರು ಗಮ್‌ಗೆ ಕೈ ಹಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಸಿದ್ಧವಾದ ಸಯನೋಟೈಪ್‌ಗಳನ್ನು ಸುಣ್ಣದ ಅಂಶವಿರುವ ರಟ್ಟಿನ ನಡುವೆ ಇಡಬೇಡಿ. ಬೆಳಕಿಗೆ ತೂಗುಹಾಕಿ ಮಾಸಿದ್ದನ್ನು ಕೆಲವು ದಿನ ಕತ್ತಲಲ್ಲಿ, ಗಾಳಿಯಾಡುವಂತೆ ಇಟ್ಟರೆ ನೀಲಿ ಬಹುಮಟ್ಟಿಗೆ ಮರಳುತ್ತದೆ. ನೆಗೆಟಿವ್‌ಗಳನ್ನು ಒಂದರ ಮೇಲೊಂದು ಹಾಕದೆ, ನಡುವೆ ತೆಳು ಕಾಗದವಿಟ್ಟು ಜೋಡಿಸಿ. ಪ್ರತಿಯೊಂದರ ಅಂಚಿನಲ್ಲಿ ಯಾವ ಪ್ರಕ್ರಿಯೆ, ಯಾವ ಕರ್ವ್, ಯಾವ ಕಾಗದ, ಎಷ್ಟು ನಿಮಿಷ, ಎಷ್ಟನೆಯ ಮೆಟ್ಟಿಲು ಎಂದು ಗುರುತು ಪೆನ್ನಿನಿಂದ ಬರೆದಿಡಿ. ಆರು ತಿಂಗಳ ಬಳಿಕ ಅದೇ ಚಿತ್ರವನ್ನು ಇನ್ನೊಬ್ಬರು ಕೇಳಿದಾಗ, ಲೇಪ ಬಳಿದು ನೇರವಾಗಿ ಬಿಸಿಲಿಗೆ ಹೋಗಬಹುದು.